ಧಾರವಾಡದಿಂದ ಹುಬ್ಬಳ್ಳಿಗೆ ಒಂದು ಕರ್ಣಯಾತ್ರೆ

ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ಹಾದಿಯು ಸುಮಾರು 20 ಕಿಲೋಮೀಟರಿನದು. ಈ ಹಾದಿಯ ಪ್ರವಾಸವರ್ಣನೆಯನ್ನು ಬರೆಯುತ್ತೇನೆಂದರೆ ವಾಚಕರು ನಕ್ಕಾರು. ಇಲ್ಲಿ ಹಿಮಾಲಯವಿಲ್ಲ, ಸಮುದ್ರವಿಲ್ಲ. ಒಂದು ಕೆರೆ, ಒಂದೆರಡು ಗುಡ್ಡ, ಮಿಕ್ಕದ್ದೆಲ್ಲ ಮನೆ-ಅಂಗಡಿಗಳ ಸಾಲು. ಆದಾಗ್ಯೂ ಯಾತ್ರೆಯನ್ನು ಕಣ್ಣಿನ ಸಲುವಾಗಿಯೇ ಮಾಡತಕ್ಕದ್ದೆಂಬ ನಿಯಮವೇನೂ ಇಲ್ಲವಷ್ಟೆ. ಮಲ್ಲಿಕಾರ್ಜುನ ಮನಸೂರರು ತಮ್ಮ ಆತ್ಮಚರಿತ್ರೆಗೆ ‘ನನ್ನ ರಸಯಾತ್ರೆ’ ಎಂದು ಹೆಸರಿಟ್ಟರು. ಅಷ್ಟು ದೊಡ್ಡ ಮಾತು ನನ್ನಂಥ ಶಾಲಾ ಮಾಸ್ತರನಿಗೆ ಒಪ್ಪುವದಿಲ್ಲ. ಹೋದ ವರ್ಷದ ಆಷಾಢದಲ್ಲಿ ನಾನು ಈ ಹಾದಿಯಲ್ಲಿ ಎರಡು ಸಲ ಹೋಗಿಬಂದದ್ದು ಕೇವಲ ಕಿವಿಯ ಸಲುವಾಗಿ. ಆದುದರಿಂದ ಇದನ್ನು ಕರ್ಣಯಾತ್ರೆಯೆಂದು ಕರೆದರೆ ತಪ್ಪಾಗಲಿಕ್ಕಿಲ್ಲ.

ಕಾರಣವನ್ನು ಮೊದಲು ಹೇಳಬೇಕು. ನಮ್ಮ ತಂದೆಯವರು ಹುಬ್ಬಳ್ಳಿಯ ರೇಲ್ವೆ ಕಾರ್ಖಾನೆಯಲ್ಲಿ ಕಾರಕೂನರಾಗಿದ್ದರು. ಅವರಿಗೆ ಹಾಡಲಿಕ್ಕೆ ಬರುತ್ತಿರಲಿಲ್ಲ. ಹಾಡುವವರ ಬೆನ್ನ ಹಿಂದೆ ತಂಬೂರಿ ಹಿಡಿದುಕೊಂಡು ಕೂಡ್ರಲಿಕ್ಕೆ ಬರುತ್ತಿತ್ತು. ಇದನ್ನು ಸಣ್ಣ ವಿದ್ಯೆಯೆಂದು ತಿಳಿಯಬಾರದು. ಗಾಯಕನಿಗೆ ಅಡ್ಡ ಬಾರದಂತೆ, ಆದರೆ ಅವನಿಗೆ ಆಧಾರವು ಎಂದೂ ತಪ್ಪದಂತೆ, ಎರಡೆರಡು ತಾಸು ಒಂದೇ ಹದದಲ್ಲಿ ನಾಲ್ಕು ತಂತಿಗಳನ್ನು ಮಿಡಿಯುತ್ತ ಕೂಡ್ರುವದು ಬಹಳ ತಾಳ್ಮೆಯ ಕೆಲಸ. ತಂದೆಯವರ ಕೈಯಲ್ಲಿ ಒಂದು ವಿಶೇಷವಿತ್ತು. ಕೊನೆಯ ತಂತಿಯಾದ ಖರ್ಜವನ್ನು ಮಿಡಿದ ಮೇಲೆ ಅದರ ಅನುರಣನಕ್ಕೆ ಕೂದಲೆಳೆಯಷ್ಟು ಹೊತ್ತು ಎಡೆಗೊಟ್ಟು, ಆ ಮೇಲೆ ಮೊದಲನೆಯ ತಂತಿಗೆ ಬೆರಳನ್ನು ತರುತ್ತಿದ್ದರು. 1979ರ ಗಣೇಶ ಚೌತಿಯಲ್ಲಿ ನಮ್ಮ ಓಣಿಯ ಒಂದು ಮನೆಯಲ್ಲಿ ಬೈಠಕ್ಕು ನಡೆದಾಗ ಯಾರೋ ಪುಣ್ಯಾತ್ಮರು ಕ್ಯಾಸೆಟ್ ಯಂತ್ರವನ್ನು ಇಟ್ಟಿದ್ದರು. ಗಾಯಕರು ಊರೊಳಗಿನ ಹವ್ಯಾಸಿಗಳು, ರಾಗ ಯಮನ್. ತಂದೆಯವರು 1996ರಲ್ಲಿ ತೀರಿಕೊಂಡರು. ಅವರ ಭಾವಚಿತ್ರಗಳು ನಾಲ್ಕಾರು ಇವೆ. ಅವರ ಕೈಯ ಸಪ್ಪಳವು ಉಳಿದದ್ದು ಈ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ. ನಮ್ಮ ಅಳಿಯನು ಅದನ್ನು ಹಾಳಾಗುವ ಮೊದಲೇ ಬೆರಳಷ್ಟು ದೊಡ್ಡದಾದ ಒಂದು ಸಾಧನಕ್ಕೆ ಇಳಿಸಿಕೊಟ್ಟಿದ್ದಾನೆ.

ನಿವೃತ್ತಿಯ ಕಾಲಕ್ಕೆ ಕೈಗೆ ಬಂದ ಹಣದಲ್ಲಿ ನಾನು ಒಂದು ಇಂಟಿಗ್ರೇಟೆಡ್ ಆಂಪ್ಲಿಫಾಯರನ್ನು ಕೊಂಡೆನು. ಹೆಸರು ಉದ್ದವಾದರೂ ಅರ್ಥವು ಸರಳವಾದದ್ದು. ಬರುವ ಕ್ಷೀಣ ಧ್ವನಿಸಂಕೇತವನ್ನು ಆಯ್ದುಕೊಳ್ಳುವ, ಹದಗೊಳಿಸುವ, ಸ್ಪೀಕರನ್ನು ನಡುಗಿಸುವಷ್ಟು ಬಲಗೊಳಿಸುವ ಎಲ್ಲ ಅಂಗಗಳು ಒಂದೇ ಪೆಟ್ಟಿಗೆಯಲ್ಲಿ ಅವಿಭಕ್ತ ಕುಟುಂಬದಂತೆ ಕೂಡಿಕೊಂಡಿರುವದಕ್ಕೆ ಆ ಹೆಸರು. ನನ್ನ ಧರ್ಮಪತ್ನಿಗೆ ತಲೆಶೂಲೆಯ ಬಾಧೆಯುಂಟು; ರಾತ್ರಿ ಒಂಬತ್ತರ ಮೇಲೆ ಮನೆಯಲ್ಲಿ ಸಪ್ಪಳವಾಗಕೂಡದು. ಆದುದರಿಂದ ಪೆಟ್ಟಿಗೆಯ ಮುಖದ ಮೇಲಿರುವ ರಂಧ್ರಕ್ಕೆ ಹೆಡ್‌ಫೋನನ್ನು ಚುಚ್ಚಿಕೊಂಡು ಕೇಳುವ ರೂಢಿಯಾಯಿತು. ಹೆಡ್‌ಫೋನಿಗೆ ‘ಕರ್ಣಪುಟಕ’ವೆಂಬ ಶಬ್ದವನ್ನು ನಾನು ಟಂಕಿಸಿದ್ದುಂಟು. “ಅದೇನು ಕಿವಿಗೆ ಹಾಕೂ ಔಷಧವ್ಯೋ?” ಎಂದು ಮನೆಯವರು ಕೇಳಿದ್ದರಿಂದ ಆ ಶಬ್ದವು ಹುಟ್ಟಿದ ದಿನವೇ ಅಸ್ತಂಗತವಾಯಿತು.

ನನ್ನ ಹೆಡ್‌ಫೋನು ಜರ್ಮನಿಯ ಸೆನ್‌ಹೈಸರ್ ಕಂಪನಿಯ ಎಚ್.ಡಿ. 600 ಎಂಬುದು; ಮಗಳು ಕೊಡಿಸಿದ್ದು. ಮೊದಲನೆಯ ರಾತ್ರಿ ಅದರಲ್ಲಿ ತಂದೆಯವರ ತಂಬೂರಿಯನ್ನು ಕೇಳಿದಾಗ ನನ್ನ ಕಣ್ಣು ತುಂಬಿಬಂದವು. ಖರ್ಜದ ತಂತಿಯು ಗುಡಿಯ ಗರ್ಭಗೃಹದೊಳಗಿನ ಓಂಕಾರದಂತೆ ತುಂಬಿ ಮೊಳಗಹತ್ತಿತು. ಹತ್ತು-ಹದಿನೈದು ರಾತ್ರಿಗಳು ಹೀಗೆಯೇ ಸಂದವು. ಆ ಮೇಲೊಂದು ದಿವಸ ಮಧ್ಯಾಹ್ನದಲ್ಲಿ, ಗೋಡೆಗೆ ಆನಿಸಿಟ್ಟಿದ್ದ ಅದೇ ಮಿರಜದ ತಂಬೂರಿಯ ಧೂಳನ್ನು ಒರೆಸುವಾಗ ಬಟ್ಟೆಯು ಖರ್ಜಕ್ಕೆ ತಗಲಿ ಅದು ನುಡಿಯಿತು. ಅದರ ನಾದವು ಗಂಭೀರವಾಗಿತ್ತು. ಆದರೆ ರಾತ್ರಿ ನಾನು ಕೇಳುತ್ತಿದ್ದಷ್ಟು ಸ್ಥೂಲವಾಗಿರಲಿಲ್ಲ. ಮನಸ್ಸಿನಲ್ಲಿ ಮುಳ್ಳು ಮುರಿದಂತಾಯಿತು. ನಾನು ಇಷ್ಟು ದಿನ ಕೇಳಿದ್ದು ತಂದೆಯವರ ಕೈಯನ್ನೋ, ಪೆಟ್ಟಿಗೆಯ ಕೈವಾಡವನ್ನೋ?

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನಮ್ಮ ಹಿರಿಯ ಸ್ನೇಹಿತರೊಬ್ಬರಿದ್ದಾರೆ. ರೇಲ್ವೆಯ ಟೆಲಿಫೋನು ಖಾತೆಯಲ್ಲಿ ಮೂವತ್ತು ವರುಷ ತಂತಿಗಳೊಡನೆ ಸೆಣಸಿದವರು. ಅವರನ್ನು ರಾಯರೆಂದು ಕರೆದರೆ ಸಾಕು. ಅವರ ಹತ್ತಿರ ಹೆಡ್‌ಫೋನಿನ ಸಲುವಾಗಿಯೇ ಮಾಡಿದ ವಾಲ್ವಿನ ಆಂಪ್ಲಿಫಾಯರಿದೆಯೆಂದು ಕೇಳಿದ್ದೆನು. “ಸಂಶಯ ಇದ್ರ ಬಂದು ಕೇಳ್ರಿ ಮಾಸ್ತರ. ಹಂಗ ಬರಬ್ಯಾಡ್ರಿ, ಪೇಡೆ ತರ್ರಿ,” ಎಂದು ಅವರು ಫೋನಿನಲ್ಲಿ ಅಂದರು.

ಹೀಗಾಗಿ ಹೆಡ್‌ಫೋನನ್ನು ಒಂದು ಪಂಚೆಯಲ್ಲಿ ಸುತ್ತಿ, ಪೇಡೆಯ ಪೊಟ್ಟಣದೊಡನೆ ಕೈಚೀಲದಲ್ಲಿಟ್ಟುಕೊಂಡು, ಮಾಳಮಡ್ಡಿಯಿಂದ ಹೊರಟು ಜುಬಿಲಿ ಸರ್ಕಲ್ಲಿನಲ್ಲಿ ಚಿಗರಿ ಬಸ್ಸನ್ನು ಹತ್ತಿದೆನು. 2018ರಲ್ಲಿ ಓಡಲಾರಂಭಿಸಿದ ಈ ಬಸ್ಸುಗಳಿಗೆ ಯಾರು ಈ ಹೆಸರನ್ನಿಟ್ಟರೋ ಅವರು ರಸಿಕರೇ ಸರಿ. ಹೊರಗೆ ಜಿಟಿಜಿಟಿ ಮಳೆ. ವಿದ್ಯಾಗಿರಿ, ಸತ್ತೂರು, ರಾಯಾಪುರ, ನವನಗರಗಳು ಒದ್ದೆಯಾದ ಗಾಜಿನ ಆಚೆಯಿಂದ ಹಾದುಹೋದವು. ಉಣಕಲ್ಲಿನ ಕೆರೆಯ ಮೇಲೆ ಮಳೆಹನಿಗಳು ಬೀಳುವದನ್ನು ನೋಡಿದೆನು. ಬಸ್ಸಿನ ಗಾಜುಗಳು ಮುಚ್ಚಿದ್ದರಿಂದ ಸಪ್ಪಳ ಮಾತ್ರ ಕೇಳಿಸಲಿಲ್ಲ.

ಈ ಎರಡು ಊರುಗಳ ಕಿವಿಯು ಹದಕ್ಕೆ ಬಂದದ್ದು ಒಂದು ದಿವಸದ ಮಾತಲ್ಲ. ಕಿರಾನಾ ಘರಾಣೆಯ ಅಬ್ದುಲ್ ಕರೀಮಖಾನರು ಈ ಸೀಮೆಗೆ ಬರುತ್ತ ಹೋಗುತ್ತ ಇದ್ದರು. ಅವರ ಶಿಷ್ಯರಾದ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಇಲ್ಲಿಯೇ ನೆಲೆನಿಂತು ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿಯವರನ್ನು ತಿದ್ದಿದರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೇಲ್ವೆಯಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾಯಿತು. ಮನಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿ ಕೆಲಸಮಾಡಿದರು. ಆ ಮೇಲೆ ಹಿತ್ತಲಿನಲ್ಲಿ ಪಾತ್ರೆ ತಿಕ್ಕುವವರ ಕಿವಿಗೂ ಭೈರವವು ತನ್ನಷ್ಟಕ್ಕೆ ಬಂದು ಬೀಳಹತ್ತಿತು. ನಮ್ಮ ಮನೆಯಲ್ಲಿದ್ದದ್ದು ವಾಲ್ವಿನ ರೇಡಿಯೋ. ಗುಂಡಿ ತಿರುಗಿಸಿದ ಮೇಲೆ ಅದಕ್ಕೆ ಅರ್ಧ ನಿಮಿಷದ ಮೌನ, ಕಾದ ಧೂಳಿನ ಒಂದು ವಾಸನೆ, ಹಳದಿ ಬೆಳಕು, ಅನಂತರ ದೂರದಿಂದ ನಡೆದುಬಂದಂತೆ ಧ್ವನಿ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕಂದರೆ ಮುಂದೆ ನಾನು ಕೊಡುವ ತೀರ್ಪಿನಲ್ಲಿ ಈ ವಾಸನೆಯ ಪಾಲು ಎಷ್ಟೆಂಬದನ್ನು ವಾಚಕರು ಕಳೆದುಕೊಳ್ಳಬೇಕಾಗುವದು.

ರಾಯರ ಮನೆಯ ಮೂಲೆಯಲ್ಲಿ ಆ ಯಂತ್ರವು ಪುಟ್ಟ ದೇವರಮನೆಯಂತೆ ಕುಳಿತಿತ್ತು. ಮೇಲೆ ಮೂರು ಗಾಜಿನ ಬುರುಡೆಗಳು. ಎರಡು ಸಣ್ಣವು, ಅವು ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಇಲೆಕ್ಟ್ರಾನಿಕ್ಸಿನಲ್ಲಿ ತಯಾರಾದ ಹಳೆಯ ಸರಕು. ಒಂದು ದಪ್ಪನೆಯದು, ಅದಕ್ಕೆ 6080 ಎಂಬ ಸಂಖ್ಯೆ. ಗುಂಡಿ ಒತ್ತಿದ ರಾಯರು ಕೈ ಅಡ್ಡ ಹಿಡಿದು, “ಒಂದ ನಿಮಿಷ ತಡೀರಿ ಮಾಸ್ತರ, ಅದು ಕಾಯಬೇಕು, ಹಾಲು ಕಾದಂಗ,” ಎಂದರು. ವಾಲ್ವಿನ ಒಳಗೆ ವಾಯುವಿಲ್ಲ. ಒಂದು ತಂತಿಯನ್ನು ಕೆಂಪಗೆ ಕಾಯಿಸಿದರೆ ಅದರ ಸುತ್ತಲಿನ ಲೋಹದಿಂದ ಇಲೆಕ್ಟ್ರಾನುಗಳು ಹೊರಬಿದ್ದು ಎದುರಿನ ಫಲಕದತ್ತ ಓಡುವವು. ನಡುವಿನ ಜಾಲರಿಗೆ ಸಣ್ಣ ಸಂಕೇತವನ್ನು ಕೊಟ್ಟರೆ ಆ ಓಟವು ಹೆಚ್ಚು-ಕಡಿಮೆಯಾಗಿ ದೊಡ್ಡ ಸಂಕೇತವು ಹುಟ್ಟುವದು. ಅಮೇರಿಕೆಯ ಲೀ ಡಿ ಫಾರೆಸ್ಟ್ 1906ರಲ್ಲಿ ಈ ಜಾಲರಿಯನ್ನು ಸೇರಿಸಿದನು. 1947ರಲ್ಲಿ ಟ್ರಾನ್ಸಿಸ್ಟರು ಹುಟ್ಟಿ ಕ್ರಮೇಣ ವಾಲ್ವನ್ನು ರೇಡಿಯೋಗಳಿಂದ ಹೊರಗಟ್ಟಿತು. ಆದರೂ ರಸಿಕರ ಮನೆಗಳಲ್ಲಿ ಅದು ಇನ್ನೂ ಉರಿಯುತ್ತಿದೆ.

ರಾಯರು ಮೊದಲು ಹಚ್ಚಿದ್ದು ಗಂಗೂಬಾಯಿಯವರ 1930ರ ದಶಕದ ಒಂದು ಮೂರು ನಿಮಿಷದ ಮುದ್ರಿಕೆಯನ್ನು. ‘ಗಾಂಧಾರಿ’ ಎಂಬ ಹೆಸರಿನಲ್ಲಿ ಅವರ ತಟ್ಟೆಗಳು ಬರುತ್ತಿದ್ದ ಕಾಲ ಅದು. ಮುಂದೆ ಗಂಟಲಿನ ಚಿಕಿತ್ಸೆಯಾಗಿ ಅವರ ಧ್ವನಿಯು ಗಂಡುಧ್ವನಿಯಂತೆ ಗಂಭೀರವಾದದ್ದು ಎಲ್ಲರಿಗೂ ತಿಳಿದದ್ದೇ. ಈ ಮುದ್ರಿಕೆಯಲ್ಲಿ ಕೇಳುವದು ಅದಕ್ಕಿಂತ ಮೊದಲಿನ ಸಣ್ಣ, ಏರಿನ ಕಂಠ. ತಟ್ಟೆಯ ಚರಚರ ಸಪ್ಪಳದ ನಡುವಿನಿಂದ ಆ ಕಂಠವು ಎಷ್ಟು ಮೃದುವಾಗಿ ಹೊರಟಿತೆಂದರೆ ನಾನು ಪೇಡೆಯ ತುಣುಕನ್ನು ಕೈಯಲ್ಲಿಯೇ ಹಿಡಿದುಕೊಂಡು ಕುಳಿತೆನು. ಬಳಿಕ ತಂದೆಯವರ ಯಮನ್. ಖರ್ಜವು ನಮ್ಮ ಮನೆಯ ಪೆಟ್ಟಿಗೆಯಲ್ಲಿಯಷ್ಟು ಉಬ್ಬಿರಲಿಲ್ಲ, ಆದರೆ ತುಂಬಿತ್ತು. ಸುತ್ತಲೂ ಎಣ್ಣೆ ಸವರಿದಂಥ ಒಂದು ಸ್ನಿಗ್ಧತೆ. ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಸ್ವರದ ಲಕ್ಷಣವನ್ನು ಹೇಳುವಾಗ ಅನುರಣನದೊಡನೆ ಸ್ನಿಗ್ಧತೆಯನ್ನೂ ಎಣಿಸಿರುವನಷ್ಟೆ. ಶಾಸ್ತ್ರವಚನಕ್ಕೆ ಪ್ರತ್ಯಕ್ಷ ಪ್ರಮಾಣವು ದೊರೆಯಿತೆಂದು ಹಿಗ್ಗಿ ನಾನು ಅಲ್ಲಿಯೇ ಬೆಲೆಯನ್ನು ಕೇಳಿದೆನು. ನನ್ನ ಒಂದು ತಿಂಗಳ ಪೆನ್ಶನ್ನು ಅದರಲ್ಲಿ ಮುಳುಗಿಹೋಗುವಂತಿತ್ತು.

ಆ ರಾತ್ರಿ ಮನೆಯಲ್ಲಿ ಈ ವಿಷಯವನ್ನು ತೆಗೆದೆನು. ಮನೆಯವರು ಅವರೆಕಾಳು ಸುಲಿಯುತ್ತ ಕೇಳಿದರು. ಸಿಟ್ಟಿಗೇಳಲಿಲ್ಲ. “ಅದನ್ನ ತಂದ್ರ ಮಾವನವರ ತಂಬೂರಿ ಚಲೋ ಕೇಳಸ್ತದೋ, ಖರೇ ಕೇಳಸ್ತದೋ?” ಎಂದು ಮಾತ್ರ ಅಂದರು. ಮೂವತ್ತು ವರುಷ ನ್ಯಾಯಶಾಸ್ತ್ರದ ಪೂರ್ವಪಕ್ಷಗಳನ್ನು ಓದಿದ ನನಗೆ ಈ ಪೂರ್ವಪಕ್ಷಕ್ಕೆ ಸಿದ್ಧಾಂತವು ಹೊಳೆಯಲಿಲ್ಲ. ರಾಯರಿಗೆ ಫೋನು ಮಾಡಿದೆನು. “ಪೆಟಗೀನ ಇಲ್ಲೇ ತರ್ರಿ. ಗಾಜಿನ ಮಾತು ಆಮ್ಯಾಲೆ, ಮೊದಲ ಅದರ ಹೊಟ್ಟಿ ನೋಡೂಣು,” ಎಂದರು.

ಎರಡನೆಯ ಯಾತ್ರೆಯು ಎಂಟು ಕಿಲೋ ಭಾರದ ಆ ಪೆಟ್ಟಿಗೆಯೊಡನೆ ಆಯಿತು. ಹಾಸಿಗೆಯ ಹೊದಿಕೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆನು. ನವನಗರದಲ್ಲಿ ಹತ್ತಿದ ತರುಣನೊಬ್ಬನು, “ಏನ್ರೀ ಅಜ್ಜಾರ, ಪೇಟಿ ಏನ್ರಿ ಅದು?” ಎಂದು ಕೇಳಿದನು. “ಪೇಟಿ ಬಾರಿಸಿದ್ದನ್ನ ಕೇಳಸೂ ಪೇಟಿಪಾ,” ಎಂದೆನು. ಅವನು ಮರ್ಯಾದೆಯಿಂದ ತನ್ನ ಕಿವಿಯೊಳಗಿನ ಎರಡು ಬಿಳಿಯ ಗುಂಡುಗಳನ್ನು ತೆಗೆದು, ಮತ್ತೆ ಹಾಕಿಕೊಂಡನು.

ರಾಯರು ಪೆಟ್ಟಿಗೆಯ ತಂತಿಯನ್ನು ಗೋಡೆಯಿಂದ ಕಿತ್ತು, ಚಹಾ ಕುಡಿಯುವಷ್ಟು ಹೊತ್ತು ಕಾದರು. ವಿದ್ಯುತ್ತನ್ನು ಕಿತ್ತ ಮೇಲೆಯೂ ಒಳಗಿನ ಸಂಗ್ರಾಹಕಗಳಲ್ಲಿ ಅಪಾಯವು ಉಳಿದಿರುವದರಿಂದ ಅನುಭವವಿಲ್ಲದವರು ಇಂಥ ಮುಚ್ಚಳವನ್ನು ತೆಗೆಯಲೇಕೂಡದು. ವಾಲ್ವಿನ ಯಂತ್ರದಲ್ಲಂತೂ ನೂರಾರು ವೋಲ್ಟುಗಳಿರುವವು. ಅದು ಪ್ರಾಣವನ್ನೇ ತೆಗೆದೀತು. ಮುಚ್ಚಳ ತೆಗೆದು, ಹೆಡ್‌ಫೋನಿನ ರಂಧ್ರದ ಹಿಂದೆ ಅಕ್ಕಿಕಾಳಿಗಿಂತ ತುಸು ದೊಡ್ಡವಾದ ಎರಡು ತುಣುಕುಗಳನ್ನು ತೋರಿಸಿದರು. ಅವುಗಳ ಮೇಲೆ ಕಿತ್ತಳೆ, ಕಿತ್ತಳೆ, ಕಂದು ಪಟ್ಟೆಗಳು. ಈ ವರ್ಣಲಿಪಿಯನ್ನು ಓದಿದರೆ 330 ಓಮ್ ಆಗುವದು. ವಿದ್ಯುತ್ತಿನ ಹರಿವಿಗೆ ಒಡ್ಡಿದ ತಡೆಗೆ ರೋಧವೆಂದು ಹೆಸರು. ಅದನ್ನು ಓಮುಗಳಲ್ಲಿ ಅಳೆಯುವರು.

ಈ ರೋಧಗಳನ್ನು ಅಲ್ಲಿ ಇಟ್ಟದ್ದೇಕೆ? ಎಂಟು ಓಮಿನ ಸ್ಪೀಕರಿಗೆ 50 ವ್ಯಾಟು ಕೊಡಬಲ್ಲ ಯಂತ್ರವು ತುದಿಯಲ್ಲಿ 20 ವೋಲ್ಟು ಒತ್ತುವದು. ಹೆಡ್‌ಫೋನಿಗಾದರೋ ಒಂದು ವೋಲ್ಟು ಕೊಟ್ಟರೆ ಕಿವಿಗಡಚಿಕ್ಕುವಷ್ಟಾಗುವದು. ಆದುದರಿಂದ ಬಹಳ ತಯಾರಕರು ಸ್ಪೀಕರಿಗೆ ಹೋಗುವ ಪ್ರವಾಹದಿಂದಲೇ ಒಂದು ಕವಲು ತೆಗೆದು, ನಡುವೆ ರೋಧವನ್ನಿಟ್ಟು, ಹೆಡ್‌ಫೋನಿನ ರಂಧ್ರಕ್ಕೆ ಬಿಡುವರು. ಬೀಗರಿಗಾಗಿ ಬೇಯಿಸಿದ ಅಡಿಗೆಗೆ ನೀರು ಬೆರೆಸಿ ಪಂಕ್ತಿಯ ತುದಿಯಲ್ಲಿ ಕುಳಿತ ಮಗುವಿಗೆ ಬಡಿಸಿದಂತೆ. ಇದು ಮೋಸವಲ್ಲ; 1996ರಲ್ಲಿ ಹೊರಟ ಐ.ಇ.ಸಿ. 61938 ಎಂಬ ಅಂತಾರಾಷ್ಟ್ರೀಯ ನಿಯಮವೇ ಹೆಡ್‌ಫೋನಿನ ಮೂಲಕ್ಕೆ 120 ಓಮ್ ಇರಲೆಂದು ಸೂಚಿಸಿತ್ತು. ಎಲ್ಲ ಇಂಟಿಗ್ರೇಟೆಡ್ ಯಂತ್ರಗಳೂ ಹೀಗಿಲ್ಲವೆಂಬದನ್ನೂ ಹೇಳತಕ್ಕದ್ದು. ಈಚಿನ ಕೆಲವುಗಳಲ್ಲಿ ಹೆಡ್‌ಫೋನಿಗೆಂದು ಬೇರೆಯೇ ಒಂದು ಸಣ್ಣ ವಿಭಾಗವಿರುವದು.

ಇನ್ನು ಮುಖ್ಯ ಸಂಗತಿ. ಹೆಡ್‌ಫೋನಿನ ತಡೆಯು ಎಲ್ಲ ಸ್ವರಗಳಿಗೂ ಒಂದೇ ಆಗಿರುವದಿಲ್ಲ. ನನ್ನದಕ್ಕೆ 300 ಓಮ್ ಎಂದು ಬರೆದಿದ್ದರೂ, ಸೆಕೆಂಡಿಗೆ 100 ಕಂಪನಗಳ ಆಸುಪಾಸಿನಲ್ಲಿ ಅದು 500ನ್ನು ಮೀರಿ ಏರುವದು. ಹಾದಿಯಲ್ಲಿ ಮೊದಲೇ 330 ಓಮಿನ ತಡೆಯಿದ್ದರೆ ಬಂದ ಒತ್ತಡವು ಎರಡೂ ತಡೆಗಳಲ್ಲಿ ಹಂಚಿಹೋಗುವದು. ಹೆಡ್‌ಫೋನಿನ ತಡೆಯು ಎಲ್ಲಿ ಹೆಚ್ಚೋ ಅಲ್ಲಿ ಅದರ ಪಾಲೂ ಹೆಚ್ಚು. ಏಳನೆಯ ಇಯತ್ತೆಯ ಅಪೂರ್ಣಾಂಕ ಬಂದರೆ ಸಾಕು: 300ಕ್ಕೆ 630ರಲ್ಲಿ 300 ಪಾಲು, 550ಕ್ಕೆ 880ರಲ್ಲಿ 550 ಪಾಲು. ಎರಡನೆಯದು ಮೊದಲನೆಯದಕ್ಕಿಂತ ಸುಮಾರು ಮೂರನೆಯ ಒಂದರಷ್ಟು ದೊಡ್ಡದು. ರಾಯರು ಅಳತೆಯ ಯಂತ್ರವನ್ನು ಹಚ್ಚಿ ತೋರಿಸಿದರು. ಸಾವಿರ ಕಂಪನದ ನಾದಕ್ಕೆ 100 ಮಿಲಿವೋಲ್ಟು ಬರುವಂತೆ ಇಟ್ಟು, ಬೇರೆ ಯಾವದನ್ನೂ ಮುಟ್ಟದೆ ನೂರು ಕಂಪನದ ನಾದವನ್ನು ಬಿಟ್ಟಾಗ ಮುಳ್ಳು 130ರ ಸಮೀಪಕ್ಕೆ ಹೋಯಿತು. ಎರಡು ಡೆಸಿಬಲ್ಲಿಗೂ ಮಿಕ್ಕಿದ ಉಬ್ಬು ಅದು.

“ನಿಮ್ಮ ಹಾಡವರದು ಯಾವ ಪಟ್ಟಿ?” ಎಂದು ರಾಯರು ಕೇಳಿದರು. ಕರಿ ಒಂದು. ಅಂದರೆ ಷಡ್ಜವು ಸುಮಾರು 139 ಕಂಪನ, ಖರ್ಜದ ತಂತಿಯು ಅದರ ಅರ್ಧ, ಸುಮಾರು 69. ಖರ್ಜದ ಮೂಲನಾದವೂ ಅದರ ಎರಡನೆಯ ಅಂಶವೂ ಆ ಉಬ್ಬಿನ ಎರಡು ಇಳಿಜಾರುಗಳ ಮೇಲೆ ಕುಳಿತಿದ್ದವು. ನನ್ನ ಗರ್ಭಗೃಹದ ಓಂಕಾರವೆಲ್ಲ ಎರಡು ಕಿತ್ತಳೆಪಟ್ಟೆಯ ಅಕ್ಕಿಕಾಳುಗಳಲ್ಲಿ ಅಡಗಿತ್ತು.

ಹಾಗಾದರೆ ವಾಲ್ವು ಮೇಲೆಂದು ತೀರ್ಮಾನಿಸಬೇಕಷ್ಟೆ? ರಾಯರು ತಮ್ಮ ಪ್ರೀತಿಯ ಯಂತ್ರವನ್ನೂ ಅದೇ ಕಟಕಟೆಯಲ್ಲಿ ನಿಲ್ಲಿಸಿದರು. ಅವರ ಈ ಗುಣಕ್ಕೆ ನಾನು ತಲೆವಾಗುತ್ತೇನೆ. ವಾಲ್ವಿನ ಯಂತ್ರಗಳಲ್ಲಿ ಎರಡು ಜಾತಿ. ಒಂದರಲ್ಲಿ ವಾಲ್ವಿಗೂ ಹೆಡ್‌ಫೋನಿಗೂ ನಡುವೆ ಟ್ರಾನ್ಸ್‌ಫಾರ್ಮರು ನಿಂತು ಸಂಧಾನ ಮಾಡುವದು. ಅದು 32 ಓಮಿನ ಸಣ್ಣ ಹೆಡ್‌ಫೋನುಗಳಿಗೂ ಹೊಂದುವದು, ಬೆಲೆಯೂ ಹೆಚ್ಚು. ಇನ್ನೊಂದರಲ್ಲಿ ಆ ಮಧ್ಯಸ್ಥನಿಲ್ಲ. ರಾಯರದು ಈ ಎರಡನೆಯ ಜಾತಿಯದು. ಅದರ ಸ್ವಂತ ರೋಧವೇ ಸುಮಾರು 100 ಓಮ್. ಅದೇ ಪರೀಕ್ಷೆಯಲ್ಲಿ ಮುಳ್ಳು 112ರವರೆಗೆ ಏರಿತು. ಅಂದರೆ ಅಲ್ಲಿಯೂ ಉಬ್ಬಿತ್ತು. ನಮ್ಮ ಪೆಟ್ಟಿಗೆಯ ಅರ್ಧದಷ್ಟು. ನಾನು ಸ್ನಿಗ್ಧತೆಯೆಂದು ಕೊಂಡಾಡಿದ್ದರಲ್ಲಿ ಎಷ್ಟು ಭಾಗ ಗಾಜಿನದು, ಎಷ್ಟು ಭಾಗ ಈ ಲೆಕ್ಕದ್ದು?

ಇದನ್ನು ತಿಳಿಯಲಿಕ್ಕೆ ರಾಯರು ಮೂರನೆಯದೊಂದು ಯಂತ್ರವನ್ನು ಕಪಾಟಿನಿಂದ ತೆಗೆದರು. ಅಂಗೈಯಷ್ಟು ಅಗಲದ ಟ್ರಾನ್ಸಿಸ್ಟರಿನ ಆಂಪ್ಲಿಫಾಯರು. ಅದೂ ಹೆಡ್‌ಫೋನಿಗೆಂದೇ ಮಾಡಿದ್ದು. ರೋಧವು ಒಂದು ಓಮಿಗಿಂತ ಕಡಿಮೆ. ನೋಡಲಿಕ್ಕೆ ಸಾಬೂನಿನ ಡಬ್ಬಿಯ ಹಾಗಿತ್ತು. ಮೂರರಲ್ಲಿಯೂ ಸಾವಿರ ಕಂಪನದ ನಾದವು ಒಂದೇ ಅಳತೆಗೆ ಬರುವಂತೆ ಹೊಂದಿಸಿದರು. ಇದು ಅತ್ಯವಶ್ಯವಾದ ಮಾತು. ತುಸು ಗಟ್ಟಿಯಾಗಿ ಕೇಳಿಸಿದ್ದೇ ಮೇಲಾದದ್ದೆಂದು ಕಿವಿಯು ನಂಬುವದು. ಅಂಗಡಿಯಲ್ಲಿ ಅರ್ಧ ವ್ಯಾಪಾರವು ಈ ಭ್ರಮೆಯಿಂದಲೇ ನಡೆಯುವದು. ಆ ಮೇಲೆ ರಾಯರ ಮೊಮ್ಮಗಳು ನನ್ನ ಬೆನ್ನ ಹಿಂದೆ ನಿಂತು, ಚೀಟಿ ಎತ್ತಿ, ತನಗೆ ಬಂದ ಯಂತ್ರಕ್ಕೆ ಹೆಡ್‌ಫೋನನ್ನು ಚುಚ್ಚಹತ್ತಿದಳು. ನಾನು ಕಣ್ಣುಮುಚ್ಚಿ ಹೇಳಬೇಕು.

ನಮ್ಮ ಪೆಟ್ಟಿಗೆಯನ್ನೂ ಸಾಬೂನಿನ ಡಬ್ಬಿಯನ್ನೂ ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ಗುರುತಿಸಿದೆನು; ಖರ್ಜವೇ ಚಾಡಿ ಹೇಳುತ್ತಿತ್ತು. ಪೆಟ್ಟಿಗೆಯನ್ನೂ ವಾಲ್ವನ್ನೂ ಏಳು ಸಲ. ತರುವಾಯ ರಾಯರು ಒಂದು ಕುಯುಕ್ತಿಯನ್ನು ಮಾಡಿದರು. ಡಬ್ಬಿಯ ಮುಂದೆ 100 ಓಮಿನ ರೋಧವನ್ನು ತಾವೇ ಜೋಡಿಸಿ, ಅದನ್ನು ವಾಲ್ವಿನೊಡನೆ ಹೋಲಿಸಲು ಹೇಳಿದರು. ಹತ್ತರಲ್ಲಿ ಐದು. ನಾಣ್ಯವನ್ನು ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. “ಹತ್ತು ರೂಪಾಯಿದು ಒಂದು ರೆಸಿಸ್ಟರ ಹಾಕಿದ್ರ ನಿಮಗ ಅದ ವಾಲ್ವು ಆತು ನೋಡ್ರಿ,” ಎಂದು ಅವರು ನಕ್ಕರು. ನಗೆಯಲ್ಲಿ ತುಸು ದುಃಖವೂ ಇದ್ದಂತೆ ತೋರಿತು. ಆ ಯಂತ್ರದ ಮೇಲೆ ಅವರೂ ಒಂದು ಕಾಲಕ್ಕೆ ಬಹಳ ಹಣವನ್ನು ಸುರಿದಿದ್ದರು.

ನನ್ನ ಪ್ರಮಾಣಕ್ಕೆ ಮಿತಿಯುಂಟು. ಅರವತ್ತರ ಕಿವಿಗೆ ಮೇಲಿನ ಸೂಕ್ಷ್ಮ ಕಂಪನಗಳು ಸರಿಯಾಗಿ ಕೇಳಿಸವು. ವೈದ್ಯರು ತೆಗೆದುಕೊಟ್ಟ ನಕ್ಷೆಯಲ್ಲಿ ನನ್ನ ರೇಖೆಯು ಬಲಗಡೆಗೆ ಜಾರುಗುಂಡಿಯಂತೆ ಇಳಿದಿದೆ. ತರುಣರಿಗೆ ಅಲ್ಲಿ ಏನಾದರೂ ಭೇದವು ಕಂಡೀತು. ವಾಲ್ವಿಗೆ ತನ್ನದೇ ಆದ ಬಣ್ಣವಿಲ್ಲವೆಂದೂ ನಾನು ಹೇಳುವದಿಲ್ಲ. ಅದು ಮೂಲಸ್ವರಕ್ಕೆ ತನ್ನಷ್ಟಕ್ಕೆ ಅದರ ಇಮ್ಮಡಿ ಕಂಪನವನ್ನು ಸ್ವಲ್ಪ ಬೆರೆಸುವದು. ಇಮ್ಮಡಿಯೆಂದರೆ ಮೇಲಿನ ಸಪ್ತಕದ ಅದೇ ಸ್ವರ. ಷಡ್ಜಕ್ಕೆ ತಾರಷಡ್ಜವು ಕೂಡಿದರೆ ತಂಬೂರಿ ಕೇಳಿ ಬೆಳೆದ ಕಿವಿಯು ಅದನ್ನು ದೋಷವೆಂದು ಹೇಗೆ ಬಗೆದೀತು? ಗಂಗೂಬಾಯಿಯವರ ಆ ಹಳೆಯ ತಟ್ಟೆಯು ನನಗೆ ಈಗಲೂ ರಾಯರ ಗಾಜಿನಲ್ಲಿಯೇ ಹೆಚ್ಚು ಇಷ್ಟ. ಅದು ಹಳದಿ ಬೆಳಕಿನ ಮಹಿಮೆಯಿದ್ದೀತು; ಇರಲಿ. ಅದನ್ನು ಕೇಳಲಿಕ್ಕೆ ತಿಂಗಳಿಗೊಮ್ಮೆ ಕೇಶ್ವಾಪುರಕ್ಕೆ ಹೋಗುತ್ತೇನೆ. ಬಸ್ಸಿನ ಖರ್ಚು, ಪೇಡೆಯ ಖರ್ಚು. ಯಂತ್ರವನ್ನು ಕೊಳ್ಳುವದಕ್ಕಿಂತ ಅಗ್ಗ.

ಗೃಹಸ್ಥರಾದ ವಾಚಕರಲ್ಲಿ ಯಾರಿಗಾದರೂ ಕೊಳ್ಳುವ ಮನಸ್ಸಿದ್ದರೆ ರಾಯರು ಹೇಳಿದ ಮಾತನ್ನು ತಿಳಿಸಿಬಿಡುತ್ತೇನೆ. ಯಂತ್ರದ ರೋಧವು ಹೆಡ್‌ಫೋನಿನ ರೋಧದ ಎಂಟನೆಯ ಒಂದಕ್ಕಿಂತ ಹೆಚ್ಚಾಗದಿದ್ದರೆ ಈ ಉಬ್ಬಿನ ಕಾಟವು ಲೆಕ್ಕಕ್ಕೆ ಬಾರದಷ್ಟಾಗುವದು. 300 ಓಮಿನ ಹೆಡ್‌ಫೋನಿಗೆ ಇದು 37ರಷ್ಟು, 32 ಓಮಿನದಕ್ಕೆ ಕೇವಲ 4. ಆದುದರಿಂದ ಸಣ್ಣ ರೋಧದ ಹೆಡ್‌ಫೋನನ್ನು ನಮ್ಮ ಪೆಟ್ಟಿಗೆಯಂಥದಕ್ಕೆ ಚುಚ್ಚಿದರೆ, ಅದರ ತಡೆಯು ಮಂದ್ರದಲ್ಲಿ ಇಮ್ಮಡಿಯಾಗುವ ಜಾತಿಯದಾಗಿದ್ದಲ್ಲಿ, ಐದು ಡೆಸಿಬಲ್ಲಿನಷ್ಟು ಉಬ್ಬು ಬಂದೀತು. ತಡೆಯು ಎಲ್ಲ ಸ್ವರಗಳಿಗೂ ಸಮವಾಗಿರುವ ಜಾತಿಯದಾದರೆ ಏನೂ ಆಗದು. ಪೆಟ್ಟಿಗೆಯ ಗುಂಡಿಯನ್ನು ತೀರ ಕೆಳಗಿಟ್ಟು ಕೇಳಬೇಕಾಗುವದರಿಂದ ಎಡಬಲಗಳು ಸಮನಾಗಿ ಕೇಳಿಸದಿರುವ ಇನ್ನೊಂದು ಕಿರುಕುಳವೂ ಉಂಟು. ವಾಲ್ವಿನವರು ಸೆಖೆಯನ್ನೂ ಲೆಕ್ಕಹಿಡಿಯಬೇಕು. ಆ ದಪ್ಪ 6080 ತನ್ನ ತಂತಿಯನ್ನು ಕಾಯಿಸಿಕೊಳ್ಳಲಿಕ್ಕೇ ಸುಮಾರು 16 ವ್ಯಾಟು ತಿನ್ನುವದು, ಹೆಡ್‌ಫೋನಿಗೆ ಬೇಕಾದದ್ದು ವ್ಯಾಟಿನ ಸಾವಿರದ ಕೆಲವು ಭಾಗಗಳಾದರೂ! ಒಂದು ಲೋಟ ಚಹಕ್ಕೆ ಒಂದು ಗಾಡಿ ಕಟ್ಟಿಗೆ. ವಾಲ್ವುಗಳು ಸವೆಯುವವು, ಹೊಸವನ್ನು ಹುಡುಕಬೇಕು. ಬೆರಳು ತಗಲಿದರೆ ಕೆಲವು ಗಂಟೆಯಂತೆ ನುಡಿಯುವವು. ಯಾವ ಯಂತ್ರವಾದರೂ ಕಿವಿಯ ಹಿತವನ್ನು ಮರೆಯಬಾರದು. 80 ಡೆಸಿಬಲ್ಲಿನಲ್ಲಿ ವಾರಕ್ಕೆ 40 ತಾಸಿಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ.

ಸಾಯಂಕಾಲ ಮಳೆಯು ನಿಂತಿತ್ತು. ರಾಯರು ಸಾಬೂನಿನ ಡಬ್ಬಿಯನ್ನು, “ಇಟಗೋರ್ರಿ, ನನಗ ಬ್ಯಾಡ,” ಎಂದು ನನ್ನ ಚೀಲದಲ್ಲಿ ಹಾಕಿದರು. ಹೊಸೂರಿನಲ್ಲಿ ಬಸ್ಸು ಹತ್ತಿದೆನು. ಉಣಕಲ್ಲು ದಾಟುವಾಗ ಕೆರೆಯ ನೀರಿನಲ್ಲಿ ಬೀದಿದೀಪಗಳು ಉದ್ದುದ್ದವಾಗಿ ಬಿದ್ದಿದ್ದವು. ತೊಡೆಯ ಮೇಲಿನ ಪೆಟ್ಟಿಗೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹದಿನೈದು ರಾತ್ರಿ ಅದು ನನಗೆ ಒಬ್ಬ ದೊಡ್ಡ ತಂದೆಯನ್ನು ಕೊಟ್ಟಿತ್ತು.

ಮನೆಗೆ ಬಂದು ಊಟವಾದ ಮೇಲೆ, ಮಿರಜದ ತಂಬೂರಿಯನ್ನು ಕರಿ ಒಂದಕ್ಕೆ ಏರಿಸಿ, ನಾಲ್ಕೂ ತಂತಿಗಳನ್ನು ಮಿಡಿದು ನೋಡಿದೆನು. ಬಳಿಕ ಡಬ್ಬಿಗೆ ಹೆಡ್‌ಫೋನನ್ನು ಚುಚ್ಚಿ ತಂದೆಯವರ ತಂಬೂರಿಯನ್ನು ಕೇಳಿದೆನು. ಮತ್ತೆ ಇದು, ಮತ್ತೆ ಅದು. ಖರ್ಜವು ಸಣ್ಣದಾಗಿತ್ತು, ಮೊದಲು ಬಡವಾದಂತೆ ಅನಿಸಿತು. ಆದರೆ ಅದು ಗೋಡೆಯ ಬದಿಯಲ್ಲಿ ಕುಳಿತಿದ್ದ ತಂಬೂರಿಯ ಖರ್ಜವೇ ಆಗಿತ್ತು. ಮಿಡಿದ ಮೇಲಿನ ಆ ಕೂದಲೆಳೆಯಷ್ಟು ವಿಳಂಬವು, ಮೊದಲು ಉಬ್ಬಿನ ಮೊಳಗಿನಲ್ಲಿ ಮುಳುಗಿಹೋಗುತ್ತಿದ್ದದ್ದು, ಈಗ ಪ್ರತಿಯೊಂದು ಸುತ್ತಿಗೂ ತಪ್ಪದೆ ಕೇಳಿಸಿತು.

ಮನೆಯವರು ಮಲಗಿರಲಿಲ್ಲ. ತಲೆಶೂಲೆ ಇಲ್ಲವೆಂದರು. ಹೆಡ್‌ಫೋನನ್ನು ಅವರ ತಲೆಗೆ ಹಾಕಿದೆನು. ಮದುವೆಯಾದಂದಿನಿಂದ ಅವರ ಕಿವಿಗೆ ನಾನು ತೊಡಿಸಿದ ಮೊದಲನೆಯ ಒಡವೆ ಅದು. ಕಣ್ಣುಮುಚ್ಚಿ ಕುಳಿತರು. ಐದಾರು ನಿಮಿಷವಾದ ಮೇಲೆ ಥಟ್ಟನೆ ಕಣ್ಣು ತೆರೆದು, “ಏನ್ರೀ, ಇಲ್ಲೆ ಮಾವನವರು ಕೆಮ್ಮಿದ್ರಲ್ರಿ! ಬಾಯಿ ಮುಚಗೊಂಡು ಕೆಮ್ಮಿದ್ದು. ಹಾಡವರಿಗೆ ತ್ರಾಸ ಆಗಬಾರದಂತ ಹಂಗ ಕೆಮ್ತಿದ್ರು ಅವರು,” ಎಂದರು.

ನೂರು ಸಲ ಕೇಳಿದ್ದ ಮುದ್ರಿಕೆಯಲ್ಲಿ ನಾನು ಅದನ್ನು ಒಮ್ಮೆಯೂ ಕೇಳಿರಲಿಲ್ಲ. “ಇನ್ನೊಮ್ಮೆ ಹಚ್ಚರಿ,” ಎಂದು ಅವರು ಹೆಡ್‌ಫೋನನ್ನು ತೆಗೆಯದೆಯೇ ಕೈ ಮಾಡಿದರು. ನಾನು ಎರಡು ನಿಮಿಷ ಹಿಂದಕ್ಕೆ ತಿರುಗಿಸಿ, ಒಂದು ಕಡೆಯ ಬಟ್ಟಲಿಗೆ ಹೊರಗಿನಿಂದ ನನ್ನ ಕಿವಿಯನ್ನು ಹಚ್ಚಿಕೊಂಡು ಕುಳಿತೆನು.